ಕುನ್ಮಿಂಗ್‌ನಿಂದ ಕಲ್ಲಿನ ಕಾಡಿಗೆ ಒಂದು ದಿನದ ಟೂರ್: ಕಥೆಗೆ ಫುಲ್ ಮಾರ್ಕ್ಸ್, ಟೂರಿಗೆ ಎರಡೂವರೆ ಸ್ಟಾರ್

ಜಾಗದ ಬಗ್ಗೆ ದೂರೇ ಇಲ್ಲ. ಚೀನಾದ ಯುನ್ನಾನ್ ಪ್ರಾಂತ್ಯದ ಶಿಲಿನ್‌ನಲ್ಲಿ ಸುಣ್ಣಕಲ್ಲಿನ ಕಂಬಗಳು ಮರಗಳ ಹಾಗೆ ಒತ್ತೊತ್ತಾಗಿ ನಿಂತಿವೆ, 2007ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಆದರೆ ನಾನು ಹೋಗಿದ್ದು ಅಶಿಮಾಗೋಸ್ಕರ.

ಇದು ಯಿ ಜನಾಂಗದ ಸಾನಿ ಪಂಗಡದವರ ಊರು. ಅಶಿಮಾ ಅವರ ಜನಪದ ಕಥೆಯ ಹುಡುಗಿ. ಶ್ರೀಮಂತನೊಬ್ಬ ಮಗನಿಗೆ ಮದುವೆ ಮಾಡಿಸಲು ಅವಳನ್ನು ಹೊತ್ತೊಯ್ಯುತ್ತಾನೆ, ಅಣ್ಣ ಅಹೇ ಹೋಗಿ, ಪಂದ್ಯಗಳಲ್ಲಿ ಗೆದ್ದು ಬಿಡಿಸಿಕೊಂಡು ಬರುವಾಗ ದಾರಿಯಲ್ಲಿ ಪ್ರವಾಹ ಬಂದು ಅವಳು ಕೊಚ್ಚಿಹೋಗುತ್ತಾಳೆ. ಆಮೇಲೆ ಕಲ್ಲಾಗಿ ನಿಲ್ಲುತ್ತಾಳೆ. ಹೆಸರು ಕೂಗಿದರೆ ಪ್ರತಿಧ್ವನಿಯಾಗಿ ಓಗೊಡುತ್ತಾಳಂತೆ! ಬೆನ್ನಿಗೆ ಬುಟ್ಟಿ ಹೊತ್ತ ಹುಡುಗಿಯ ಹಾಗೇ ಇದೆ ಆ ಬಂಡೆ. ನಮ್ಮ ಗೈಡ್ ಅಹೇಯನ್ನು ಪ್ರಿಯಕರ ಅಂದುಬಿಟ್ಟ. ಅದು 1964ರ ‘ಅಶಿಮಾ’ ಸಿನಿಮಾ ಮಾಡಿದ ಬದಲಾವಣೆ, ಸಾನಿಗಳ ಹಾಡಿನಲ್ಲಿ ಅವನು ಅಣ್ಣನೇ. ಅಣ್ಣ-ತಂಗಿ ಕಥೆಯೇ ನನಗೆ ಜಾಸ್ತಿ ಇಷ್ಟ.

ಬಂಡೆಯ ಮುಂದೆ ಸಿಕ್ಕಿದ್ದು ಹದಿನೈದು ನಿಮಿಷ. ಅದರಲ್ಲೂ ಅರ್ಧ, ಬಾಡಿಗೆ ಸಾನಿ ಬಟ್ಟೆ ತೊಟ್ಟು ಫೋಟೋ ತೆಗೆಸಿಕೊಳ್ಳುವವರ ಹಿಂದೆ ಸುಮ್ನೆ ಕಾದಿದ್ದು. ಬರುವಾಗ ಹಸಿರುಕಲ್ಲಿನ ಆಭರಣದ ಅಂಗಡಿಯಲ್ಲಿ ಮಾತ್ರ ಒಂದೂವರೆ ಗಂಟೆ! ಬುಕ್ ಮಾಡುವಾಗ ಅಂಗಡಿ ಇಲ್ಲ ಅಂದಿದ್ದರು, ಕೇಳಿದರೆ ನಕ್ಕರು ಅಷ್ಟೇ.

ಇಂಥ ಟೂರ್ ಬೇಡ. ಕುನ್ಮಿಂಗ್ ದಕ್ಷಿಣ ಸ್ಟೇಷನ್‌ನಿಂದ ಶಿಲಿನ್ ಪಶ್ಚಿಮಕ್ಕೆ ಫಾಸ್ಟ್ ಟ್ರೈನ್ ಇದೆ, ನೀವೇ ಹೋಗಿ. ಆಗುವುದಾದರೆ ಚೀನೀ ಪಂಚಾಂಗದ ಆರನೇ ತಿಂಗಳ 24ಕ್ಕೆ, ಅವರ ಪಂಜಿನ ಹಬ್ಬದ ಹೊತ್ತಿಗೆ. ಮುಂದಿನ ಸಲ ನನ್ನ ಪ್ಲಾನೂ ಅದೇ.