ಪೇಂಟ್ ತುಂತುರು ತೆಗೆಯಲು ಕ್ಲೇ ಬಾರ್: ಕೆಲವು ವರ್ಷ ಬಳಸಿದ ಮೇಲೆ

ಕಾರಿನ ಮೇಲೆ ಕೂತ ಪೇಂಟ್ ತುಂತುರು, ಅಂದ್ರೆ ಓವರ್‌ಸ್ಪ್ರೇ, ತೆಗೆಯಲು ಫೈನ್ ಗ್ರೇಡ್, ಅಂದ್ರೆ ಒರಟು ಕಡಿಮೆ ಇರುವ, ಕ್ಲೇ ಬಾರ್‌ನಷ್ಟು ನಂಬಿಕೆಯ ವಸ್ತು ನನಗೆ ಬೇರೆ ಸಿಕ್ಕಿಲ್ಲ. ಕೈಯಲ್ಲಿ ಹಿಡಿದು ಕಾರಿನ ಮೈ ಉಜ್ಜುವ ಮೆತ್ತನೆಯ ಮುದ್ದೆ ಇದು. ನಿಧಾನ, ನಿಜ. ಆದರೆ ಹೊಳಪು ಕೆಡಿಸದೆ ಕೆಲಸ ಮುಗಿಸುತ್ತದೆ. ನನ್ನದು ಕಡು ಬಣ್ಣದ ಕಾರು. ನಿಲ್ಲಿಸುವ ಜಾಗದ ಪಕ್ಕದಲ್ಲೇ ಕಬ್ಬಿಣದ ಗ್ರಿಲ್‌ಗೆ ಸ್ಪ್ರೇ ಹೊಡೆದಾಗ ಬಾನೆಟ್, ಟಾಪ್, ಗಾಜು ಎಲ್ಲದರ ಮೇಲೂ ಬಿಳಿ ಚುಕ್ಕಿ. ಅದಕ್ಕಾಗಿ ತಂದದ್ದನ್ನು ಇವತ್ತಿಗೂ ಬಳಸುತ್ತಿದ್ದೇನೆ.

ಓವರ್‌ಸ್ಪ್ರೇ ಬಿದ್ದಿದೆಯೋ ಇಲ್ಲವೋ ಅಂತ ಕಣ್ಣಿಗಿಂತ ಕೈಗೇ ಬೇಗ ಗೊತ್ತಾಗುತ್ತದೆ. ಕಾರು ಚೆನ್ನಾಗಿ ತೊಳೆದು ಒರೆಸಿ. ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಹಗುರವಾಗಿ ಸವರಿ ನೋಡಿ. ಬರಿಗೈಗೆ ನುಣುಪು ಅನಿಸಿದ ಜಾಗವೂ ಕವರ್ ಒಳಗಿನ ಬೆರಳಿಗೆ ತರಿತರಿ ಅನಿಸುತ್ತದೆ. ಕೆಲಸ ಮುಗಿದ ಮೇಲೂ ಇದೇ ಪರೀಕ್ಷೆ ಸಾಕು.

ಇದರ ಹೆಸರಲ್ಲಿ ಕ್ಲೇ ಇದ್ದರೂ ಇದು ಕೆರೆಯ ಜೇಡಿಮಣ್ಣಲ್ಲ. ಮೆತ್ತನೆಯ ಪಾಲಿಮರ್ ಒಳಗೆ ತುಂಬಾ ನುಣ್ಣನೆಯ ಉಜ್ಜುವ ಪುಡಿ ಸೇರಿಸಿ ಮಾಡಿದ್ದು. ಜಪಾನಿನ ತಡಾವೊ ಕೊಡಾಟೆ ಅವರಿಗೆ ಇದಕ್ಕಾಗಿ 1995ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಕ್ಲೇ ಯಾವ ಪೇಂಟನ್ನೂ ಕರಗಿಸುವುದಿಲ್ಲ. ಮೇಲ್ಮೈಯಿಂದ ಎದ್ದು ನಿಂತ ಕಣವನ್ನು ಹಿಡಿದು ಕತ್ತರಿಸಿ ತನ್ನೊಳಗೆ ಎಳೆದುಕೊಳ್ಳುತ್ತದೆ, ಅಷ್ಟೇ. ಹಾಗಾಗಿ ಮೇಲೆ ಕೂತದ್ದು ಹೋಗುತ್ತದೆ. ಬಣ್ಣದ ಒಳಗೆ ಇಳಿದ ಕಲೆ ಉಳಿಯುತ್ತದೆ.

ಎಲ್ಲರೂ ಯಾವ ಕ್ಲೇ ಒಳ್ಳೇದು ಅಂತ ಕೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮುಖ್ಯವಾದದ್ದು ಜಾರಿಕೆಗೆ ಹಾಕುವ ದ್ರವ. ಕ್ಲಿಯರ್ ಕೋಟ್, ಅಂದ್ರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ಅದರ ಮೇಲೆ ಒಣ ಕ್ಲೇ ಎಳೆದರೆ ಗೀರು ಖಂಡಿತ. ನಾನು ಕ್ವಿಕ್ ಡೀಟೇಲರ್ ಸ್ಪ್ರೇಯನ್ನು (ಕಾರಿನ ಮೈ ಒರೆಸಲು ಸಿಗುವ ಜಾರುವ ದ್ರವ) ಧಾರಾಳವಾಗಿ ಹೊಡೆಯುತ್ತೇನೆ. ಶಾಂಪೂ ಬೆರೆಸಿದ ನೀರೂ ನಡೆಯುತ್ತದೆ, ಆದರೆ ಕೆಲವು ಕ್ಲೇಗಳು ಸೋಪಿನ ನೀರಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತವೆ. ಪ್ಯಾಕ್ ಮೇಲೆ ಏನು ಬರೆದಿದೆ ಅಂತ ಓದಿ. ಕಾರು ನೆರಳಲ್ಲಿರಬೇಕು, ಮುಟ್ಟಿದರೆ ತಣ್ಣಗಿರಬೇಕು. ಬಿಸಿ ಬಾನೆಟ್ ಮೇಲೆ ದ್ರವ ಕ್ಷಣದಲ್ಲಿ ಆರಿಹೋಗುತ್ತದೆ.

ಎರಡು ಅಡಿ ಚೌಕದಷ್ಟು ಜಾಗ ಮಾತ್ರ ಹಿಡಿಯಿರಿ. ಕ್ಲೇ ತುಂಡನ್ನು ಅಂಗೈಯಲ್ಲಿ ಚಪ್ಪಟೆ ಮಾಡಿ, ಒತ್ತದೆ, ನೇರ ಗೆರೆಯಲ್ಲಿ ಹಿಂದೆ ಮುಂದೆ ಓಡಿಸಿ. ಸುತ್ತಿಸಬೇಡಿ. ಮೊದಲು ಸರಸರ ಸದ್ದು ಬರುತ್ತದೆ, ಕೈಗೆ ತಡೆ ಸಿಗುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತು ಕ್ಲೇ ತಾನಾಗಿ ಜಾರತೊಡಗುತ್ತದೆ. ಆ ಬದಲಾವಣೆ ಬಂದಾಗ ನಿಲ್ಲಿಸಿ. ಮತ್ತೂ ಉಜ್ಜಿದರೆ ಲಾಭ ಇಲ್ಲ. ತಿರುಗಿಸಿ ನೋಡಿದರೆ ಕ್ಲೇ ಮೇಲೆ ಆ ಪೇಂಟಿನ ಬಣ್ಣವೇ ಕಾಣುತ್ತದೆ. ಮಡಚಿ, ನಾದಿ, ಹೊಸ ಮುಖ ತೆಗೆದುಕೊಂಡು ಮುಂದೆ ಹೋಗಿ. ನೆಲಕ್ಕೆ ಬಿದ್ದ ತುಂಡನ್ನು ಮತ್ತೆ ಕಾರಿಗೆ ಮುಟ್ಟಿಸಲೇಬೇಡಿ. ಅಂಟಿದ ಮರಳು ತೊಳೆದರೂ ಹೋಗುವುದಿಲ್ಲ. ಅದಕ್ಕೇ ನಾನು ಬಾರನ್ನು ಮೊದಲೇ ಚಿಕ್ಕ ತುಂಡುಗಳಾಗಿ ಮಾಡಿಟ್ಟುಕೊಳ್ಳುತ್ತೇನೆ.

ಈಗ ಕೊರತೆಗಳು. ಮೇಲಿನ ವ್ಯಾಕ್ಸ್ ಬಹುಪಾಲು ಹೋಗುತ್ತದೆ, ಮತ್ತೆ ಹಾಕಲೇಬೇಕು. ಕಡು ಬಣ್ಣದ ಮೇಲೆ ತೆಳುವಾದ ಮಂಕು ಬರುತ್ತದೆ, ಅದಕ್ಕೆ ಒಂದು ಕೈ ಪಾಲಿಶ್ ಬೇಕು. ಹೆವಿ ಗ್ರೇಡ್, ಅಂದ್ರೆ ಒರಟು ಕ್ಲೇ, ತಂದರೆ ಓವರ್‌ಸ್ಪ್ರೇ ಬೇಗ ಹೋಗುತ್ತದೆ, ಆದರೆ ಉಳಿದ ಸಮಯವೆಲ್ಲ ಪಾಲಿಶ್‌ಗೇ ಹೋಗುತ್ತದೆ. ಕಪ್ಪು ತರಿತರಿ ಪ್ಲಾಸ್ಟಿಕ್ ಟ್ರಿಮ್ ಮೇಲೆ ಕ್ಲೇ ಉಪಯೋಗವಿಲ್ಲ, ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ.

ರಬ್ಬರ್ ಮುಖದ ಕ್ಲೇ ಮಿಟ್ (ಕೈಗೆ ಹಾಕಿಕೊಂಡು ಉಜ್ಜುವ ಗವಸು) ಕೂಡ ಇಟ್ಟುಕೊಂಡಿದ್ದೇನೆ. ಅದು ಬಾರ್‌ಗಿಂತ ಎಷ್ಟೋ ವೇಗ. ಕೆಳಗೆ ಬಿದ್ದರೂ ತೊಳೆದು ಮತ್ತೆ ಬಳಸಬಹುದು. ಆದರೆ ನನ್ನ ಕಾರಿನ ಬಣ್ಣದ ಮೇಲೆ ಅದು ಬಿಡುವ ಮಂಕು ಜಾಸ್ತಿ. ಹಾಗಾಗಿ ಗಾಜು, ಚಕ್ರಕ್ಕೆ ಮಿಟ್. ಕಾರಿನ ಮೈಗೆ ಬಾರ್. ಗಾಜಿನ ಹೊರಮೈ ಮೇಲೆ ಗಟ್ಟಿ ಚುಕ್ಕಿ ಇದ್ದರೆ ಚೆನ್ನಾಗಿ ಒದ್ದೆ ಮಾಡಿ, ಹೊಸ ಬ್ಲೇಡನ್ನು ಮಲಗಿಸಿ ಹಿಡಿದು ಕೆರೆದರೆ ಹಾಗೇ ಎದ್ದು ಬರುತ್ತದೆ.

ಥಿನ್ನರ್ ಹಾಕಿ ಒರೆಸಿದರೆ ಆಯ್ತಲ್ವಾ ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಬೇಡ. ಕಾರ್ಖಾನೆಯ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಟ್ಟಿ ಮಾಡಿರುತ್ತಾರೆ, ಅದು ಸ್ವಲ್ಪ ತಡೆದೀತು. ರಿಪೇರಿ ಮಾಡಿ ಬಳಿದ ಬಣ್ಣ ಸಾಮಾನ್ಯವಾಗಿ 60 ಡಿಗ್ರಿ ಆಸುಪಾಸಿನಲ್ಲಿ ಒಣಗಿದ್ದು, ಅದು ಮೆತ್ತಗಾಗುವ ಸಾಧ್ಯತೆ ಹೆಚ್ಚು. ಹೆಡ್‌ಲೈಟಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಅಂತೂ ಬಿರುಕು ಬಿಡುತ್ತದೆ.

ಬಿದ್ದದ್ದು ಯಾವ ಪೇಂಟ್ ಅನ್ನುವುದರ ಮೇಲೂ ಫಲ ನಿಂತಿದೆ. ಗೋಡೆಗೆ ಬಳಿಯುವ ನೀರಿನ ಪೇಂಟ್ ಆದರೆ ಒದ್ದೆ ಬಟ್ಟೆ ಹೊದಿಸಿ ನೆನೆಸಿದರೇ ಅರ್ಧ ಸಡಿಲವಾಗುತ್ತದೆ. ಎಣ್ಣೆ ಪೇಂಟಿನ ತುಂತುರಿಗೆ ತಾಳ್ಮೆ ಬೇಕು. ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸಿದ ಎರಡು ಭಾಗದ ಪೇಂಟ್ ಬಲು ಹಟಮಾರಿ, ದಿನ ಕಳೆದಷ್ಟೂ ಗಟ್ಟಿಯಾಗುತ್ತದೆ. ಕಂಡ ದಿನವೇ ಶುರು ಮಾಡಿ. ಹನಿಹನಿಯಾಗಿ ದಪ್ಪಗೆ ಕೂತಿದ್ದರೆ ಅದು ಕ್ಲೇ ಕೆಲಸವಲ್ಲ. ಪೇಂಟಿನ ದಪ್ಪ ಅಳೆದು ನೀರು ಹಾಕಿ ಮರಳುಕಾಗದ ಉಜ್ಜಬಲ್ಲ, ಕಾರಿನ ಹೊಳಪಿನ ಕೆಲಸ ಗೊತ್ತಿರುವವರ ಕೈಗೆ ಕೊಡಿ. ಮ್ಯಾಟ್ ಫಿನಿಶ್ (ಹೊಳಪಿಲ್ಲದ ಬಣ್ಣದ) ಕಾರಿಗೆ, ಈಗಷ್ಟೇ ಬಣ್ಣ ಹೊಡೆಸಿದ ಭಾಗಕ್ಕೆ ಕ್ಲೇ ಬೇಡವೇ ಬೇಡ. ಬಣ್ಣ ಕಾಯಲು ಹಾಕಿಸುವ ಸೆರಾಮಿಕ್ ಕೋಟಿಂಗ್ ಇದ್ದರೆ ಹಾಕಿದವರನ್ನು ಕೇಳಿ ಮುಂದುವರಿಯಿರಿ.

ಉಳಿದ ತುಂಡುಗಳ ಮೇಲೆ ಸ್ವಲ್ಪ ಡೀಟೇಲರ್ ಸ್ಪ್ರೇ ಹೊಡೆದು ಗಾಳಿಯಾಡದ ಡಬ್ಬಿಯಲ್ಲಿಡಿ. ಒಣಗಿದರೆ ಗಟ್ಟಿಯಾಗಿ ಪುಡಿಯಾಗುತ್ತದೆ. ಚಳಿಗೆ ಬಿಗಿದಿದ್ದರೆ ಬೆಚ್ಚನೆ ನೀರಲ್ಲಿ ಸ್ವಲ್ಪ ಹೊತ್ತು ಹಾಕಿದರೆ ಸಾಕು.