ಬಿರುಕು ಬಿಟ್ಟ ಬಣ್ಣದ ಗಾಜಿಗೆ ತಾಮ್ರದ ಪಟ್ಟಿಯೋ, ಎಪಾಕ್ಸಿಯೋ?

ತಾಮ್ರದ ಪಟ್ಟಿಯನ್ನು ಬಿರುಕಿನ ಎರಡೂ ಅಂಚಿಗೆ ಸುತ್ತಿ ಬೆಸುಗೆ ಹಾಕುತ್ತಾರೆ. ಬಿಸಿಲು ಮಳೆಗೆ ಜಗ್ಗದು, ಬೇಕಾದಾಗ ಬಿಚ್ಚಬಹುದು. ಆದರೆ ಕಪ್ಪು ಗೆರೆ ಉಳಿಯುತ್ತದೆ. ಕಾವಿಗೆ ಸಡಿಲ ಬಣ್ಣ ಏಳಲೂಬಹುದು. ಚಿತ್ರವಿಲ್ಲದ ಅಂಚಿನ ಗಾಜಿಗೆ ಇದೇ ಸಾಕು.

ಮುಖ, ಕೈಬೆರಳು ಬರೆದ ಗಾಜಿಗೆ ಎಪಾಕ್ಸಿಯೇ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಸರಿ. ಎಚ್‌ಎಕ್ಸ್‌ಟಾಲ್ ಎನ್‌ವೈಎಲ್-1 ಎಂಬ ಎಪಾಕ್ಸಿ ಬೆಳಕನ್ನು ಹೆಚ್ಚುಕಡಿಮೆ ಗಾಜಿನಷ್ಟೇ ಬಾಗಿಸುವುದರಿಂದ ಬಿರುಕು ಕಣ್ಣಿಗೆ ಬೀಳುವುದೇ ಇಲ್ಲ. ಮೂರು ಪಾಲು ರಾಳಕ್ಕೆ ಒಂದು ಪಾಲು ಗಟ್ಟಿಕಾರಕ, ತೂಕದ ಲೆಕ್ಕದಲ್ಲಿ, ಅದೂ ತಕ್ಕಡಿಯಲ್ಲೇ. ಕಣ್ಣಂದಾಜಿಗೆ ಬೆರೆಸಿದರೆ ವಾರ ಕಳೆದರೂ ಅಂಟಂಟು. ಮೊದಲು ಅಂಚನ್ನು ಅಸಿಟೋನ್‌ನಿಂದ ಒರೆಸಿ, ಗಾಜನ್ನು ಜೋಡಿಸಿ ಟೇಪು ಹಚ್ಚಿ, ಕಡ್ಡಿತುದಿಯಿಂದ ಹನಿ ಬಿಟ್ಟರೆ ಬಿರುಕೇ ಅದನ್ನು ಹೀರಿಕೊಳ್ಳುತ್ತದೆ. ಒಳಗೆ ಸಿಕ್ಕಿದ ಧೂಳು ಮಾತ್ರ ಶಾಶ್ವತ! ಹೊರಗಡೆ ರಕ್ಷಣಾ ಗಾಜು ಕಡ್ಡಾಯ. ಅಂಗಡಿಯ ಎರಡು ಟ್ಯೂಬಿನ ಅಂಟು ಬೇಡ, ಹಳದಿಯಾಗುತ್ತದೆ.