ಕಿರೀಟದ ಗುರುತು ತೋರಿಸಿ ನನಗೆ ಟೋಪಿ ಹಾಕಿದರು

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಅರವತ್ತೆಂಟು ಸಾವಿರ ರೂಪಾಯಿ. ಒಂದು ಜೊತೆ ಕಫ್‌ಲಿಂಕ್‌ಗೆ. ಹೆಂಡತಿಗೆ ನಲವತ್ತು ಅಂತ ಸುಳ್ಳು ಹೇಳಿದ್ದೆ, ಈಗ ಅವಳೂ ಓದುತ್ತಾಳೆ, ಓದಲಿ. ದುಡ್ಡು ಹೋಗಿದ್ದಕ್ಕಿಂತ, ಬೀಗರ ಮನೆಯವರ ಮುಂದೆ ಪೆದ್ದನ ಹಾಗೆ ನಿಂತೆನಲ್ಲ, ಅದು ಇನ್ನೂ ಉರಿಯುತ್ತಿದೆ.

ತಂಗಿಗೆ ಮದುವೆ ಗೊತ್ತಾಯಿತು. ಹುಡುಗ ದಾವಣಗೆರೆಯವನು, ಒಳ್ಳೆಯವನು, ಸ್ವಲ್ಪ ಸೂಟಿನ ಹುಚ್ಚು. ರಿಸೆಪ್ಷನ್‌ಗೆ ತೋಳಿನ ಪಟ್ಟಿಗೆ ಗುಂಡಿ ಇಲ್ಲದ, ಅದನ್ನು ಮಡಚಿ ಕಫ್‌ಲಿಂಕ್ ಹಾಕುವ ಶರ್ಟು ಹೊಲಿಸಿದ್ದಾನೆ ಅಂತ ತಂಗಿ ಹೇಳಿದಳು. ಉಂಗುರ, ಚೈನು, ವಾಚು ಎಲ್ಲರೂ ಕೊಡುತ್ತಾರೆ. ನಾನು ಅಣ್ಣ ಅಲ್ವಾ, ಏನಾದರೂ ಬೇರೆ ಕೊಡೋಣ ಅನ್ನಿಸಿತು. ಇಲ್ಲೇ ನನ್ನ ಗ್ರಹಚಾರ ಶುರುವಾಗಿದ್ದು.

ಇನ್‌ಸ್ಟಾಗ್ರಾಮ್‌ನಲ್ಲಿ ಹಳೇ ಆಭರಣ ಮಾರುವವರ ಒಂದು ಪುಟ ಸಿಕ್ಕಿತು. ಬೆಂಗಳೂರಲ್ಲೇ, ದಂಡು ಪ್ರದೇಶದ ಕಡೆ, ಮೇಲಿನ ಮಹಡಿಯ ರೂಮು. ಹೆಸರು ಹಾಕುತ್ತಿಲ್ಲ, ದೂರು ನಡೆಯುತ್ತಿದೆ. ಮೊದಲೇ ಫೋನ್ ಮಾಡಿ ಟೈಮ್ ತಗೊಂಡು ಹೋಗಬೇಕು. ಅದೇ ಒಂದು ಗತ್ತು. ಕಾಫಿ ಬಂತು, ವೆಲ್ವೆಟ್ ತಟ್ಟೆ ಬಂತು, ತಟ್ಟೆ ಮೇಲೆ ಮೂರು ಜೊತೆ.

ಮೊದಲನೆಯದು ಹೊಸದು, ಜೈಪುರದಲ್ಲಿ ಮಾಡಿದ್ದು, ಬೆಳ್ಳಿಗೆ ನೇರಳೆ ಬಣ್ಣದ ಅಮೆಥಿಸ್ಟ್ ಕೂರಿಸಿದ್ದು, ಆರೂವರೆ ಸಾವಿರ. ಎರಡನೆಯದು ಅರವತ್ತರ ದಶಕದ್ದು, ಓಪಲ್ ಹರಳು. ಅದನ್ನು ಅವರೇ ಬೇಡ ಅಂದರು. "ಓಪಲ್ ಮೆತ್ತಗೆ ಸರ್, ಕಫ್‌ಲಿಂಕ್ ಅಂದ್ರೆ ಊಟದ ಟೇಬಲ್ಲಿಗೆ, ಕಾರಿನ ಬಾಗಿಲಿಗೆ ತಾಗ್ತಾನೇ ಇರುತ್ತೆ, ಬಿರುಕು ಬಿಡುತ್ತೆ." ಮಾತು ನಿಜವೇ. ಓಪಲ್, ಟರ್ಕಾಯ್ಸ್, ಮುತ್ತು ಇವೆಲ್ಲ ಕೈಯ ತುದಿಯಲ್ಲಿ ಬಾಳೋ ಹರಳುಗಳಲ್ಲ. ಇಷ್ಟು ಪ್ರಾಮಾಣಿಕವಾಗಿ ಒಂದು ವ್ಯಾಪಾರ ಬಿಟ್ಟುಕೊಟ್ಟರಲ್ಲ ಅಂತ ನನಗೆ ನಂಬಿಕೆ ಹುಟ್ಟಿತು. ಈಗ ಯೋಚಿಸಿದರೆ, ಆ ನಂಬಿಕೆ ಹುಟ್ಟಲಿ ಅಂತಲೇ ಹೇಳಿದ್ದು.

ಮೂರನೆಯದು ರೂಬಿ. ಚಿಕ್ಕ ಅಂಡಾಕಾರದ ಮುಖ, ಸುತ್ತ ಬಳ್ಳಿಯ ಕೆತ್ತನೆ, ನಡುವೆ ಕೆಂಪು ಹರಳು, ಹಿಂದೆ ತಿರುಗಿಸಿದರೆ ಅಡ್ಡ ನಿಲ್ಲುವ ಗುಂಡಿನ ಆಕಾರದ ಕಡ್ಡಿ. "ವಿಕ್ಟೋರಿಯನ್ ಸರ್. 1890ರ ಆಸುಪಾಸು. ಇಲ್ಲೇ ಕಂಟೋನ್ಮೆಂಟ್‌ನಲ್ಲಿದ್ದ ಇಂಗ್ಲಿಷ್ ಆಫೀಸರ್ ಮನೆತನದ್ದು. ಒಂಬತ್ತು ಕ್ಯಾರೆಟ್ ಚಿನ್ನ, ಬರ್ಮಾ ರೂಬಿ. ನಮ್ಮ ಮೈಸೂರು ಕೆಂಪಲ್ಲ ಇದು."

ಆಮೇಲೆ ನಡೆದದ್ದನ್ನು ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಮೋಸ ಇರೋದೇ ಇಲ್ಲಿ. ಆ ಮನುಷ್ಯ ನನಗೆ ಒಂದೊಂದಾಗಿ ಪುರಾವೆ ತೋರಿಸಿದ. ನಾನು ಕೇಳದೇನೇ ತೋರಿಸಿದ.

ಭೂತಗನ್ನಡಿ ಕೈಗೆ ಕೊಟ್ಟು ಕಡ್ಡಿಯ ಮೇಲಿನ ಠಸ್ಸೆ ನೋಡಿ ಅಂದ. ನೋಡಿದೆ. ಒಂದು ಲಂಗರು, ಒಂದು ಕಿರೀಟ, 375 ಅನ್ನೋ ಅಂಕಿ. "ಲಂಗರು ಅಂದ್ರೆ ಬರ್ಮಿಂಗ್‌ಹ್ಯಾಮ್, ಫೋನಲ್ಲಿ ಹುಡುಕಿ ನೋಡಿ ಸರ್." ಹುಡುಕಿದೆ, ನಿಜ. 1773ರಿಂದ ಅಲ್ಲಿನ ಚಿನ್ನ ಬೆಳ್ಳಿ ಪರೀಕ್ಷೆ ಮಾಡುವ ಕಚೇರಿಯ ಗುರುತು ಲಂಗರು. ಸಮುದ್ರವೇ ಇಲ್ಲದ ಊರಿಗೆ ಲಂಗರು ಯಾಕೋ ಅಂತ ನಾನು ನಕ್ಕೆ, ಅವನೂ ನಕ್ಕ. "375 ಅಂದ್ರೆ ಸಾವಿರಕ್ಕೆ 375 ಪಾಲು ಚಿನ್ನ, ನಮ್ಮ 916 ಇದ್ದ ಹಾಗೆ." ಅದೂ ನಿಜ. "ಕಿರೀಟ ನೋಡಿದ್ರಾ? ವಿಕ್ಟೋರಿಯಾ ರಾಣಿ ಕಾಲದ್ದು." ಮೈ ಜುಮ್ಮೆಂದಿತು. ನಿಜಕ್ಕೂ.

ಆಮೇಲೆ ಒಂದು ಗಾಜಿನ ಚೂರು ತಗೊಂಡು ಹರಳಿನ ಅಂಚಿನಿಂದ ಗೀರಿದ. ಚರ್ ಅಂತ ಗೆರೆ ಬಿತ್ತು. "ಗಾಜಿನ ಹರಳಾಗಿದ್ರೆ ಹೀಗಾಗ್ತಿತ್ತಾ?" ಆಮೇಲೆ ಲೈಟ್ ಆರಿಸಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟ. ಹರಳು ಕತ್ತಲಲ್ಲಿ ಒಲೆಯ ಕೆಂಡದ ಹಾಗೆ ಹೊಳೆಯಿತು. "ಬರ್ಮಾ ರೂಬಿ ಮಾತ್ರ ಹೀಗೆ ಉರಿಯೋದು ಸರ್." ನಾನು ಅಲ್ಲೇ ಹತ್ತು ಸಾವಿರ ಫೋನ್‌ಪೇ ಮಾಡಿದೆ.

ಒಂದು ಕಫ್‌ಲಿಂಕ್ ಮಾತ್ರ ನನ್ನ ಕೈಗೆ ಬಂದಿತ್ತು. ಒಂದೇ. ಇನ್ನೊಂದು ತಟ್ಟೆಯಲ್ಲೇ ಇತ್ತು. ಇದು ನನಗೆ ಆಗ ಹೊಳೆಯಲೇ ಇಲ್ಲ.

ಉಳಿದ ದುಡ್ಡು ಕೊಡೋ ದಿನ ಬಿಲ್ ಕೇಳಿದೆ. ಬಿಲ್ ಬೇಕಂದ್ರೆ ಮೂರು ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಅಂದ. ಆಗಲಿ ಅಂದೆ. ಬಿಲ್‌ನಲ್ಲಿ "ಕೆಂಪು ಹರಳಿನ ಹಳೆಯ ಕಫ್‌ಲಿಂಕ್, 1 ಜೊತೆ" ಅಂತ ಇಂಗ್ಲಿಷಿನಲ್ಲಿ ಬರೆದಿದ್ದ. 1890 ಅಂತ ಬರೆಯಿರಿ, ನ್ಯಾಚುರಲ್ ರೂಬಿ ಅಂತ ಬರೆಯಿರಿ ಅಂದಿದ್ದಕ್ಕೆ ಆ ಮಹಾನುಭಾವ ಹೇಳಿದ್ದು ಕೇಳಿ. "ಸರ್, ನೂರು ವರ್ಷದ ಮೇಲಿನದು ಅಂತ ಬರೆದ್ರೆ ಕಾನೂನಿನ ಪ್ರಕಾರ ಪುರಾತನ ವಸ್ತು ಆಗುತ್ತೆ. 1972ರ ಕಾಯ್ದೆ. ನಾಳೆ ನಿಮಗೇ ತೊಂದರೆ." ಕಾಯ್ದೆ ಇರೋದು ನಿಜ. ನೂರು ವರ್ಷ ದಾಟಿದ ಒಡವೆಗಳೂ ಅದರಲ್ಲಿ ಬರುತ್ತವೆ, ಅವುಗಳ ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ಅಂದರೆ ಲೈಸೆನ್ಸ್ ಬೇಕಾಗಿದ್ದು ಅವನಿಗೆ! ನನಗೆ ತೊಂದರೆ ಅಂತ ಹೆದರಿಸಿ ನನ್ನ ಕೈಯಿಂದಲೇ "ಬೇಡ ಬಿಡಿ" ಅನ್ನಿಸಿದ. ನಾನು ಥ್ಯಾಂಕ್ಸ್ ಬೇರೆ ಹೇಳಿ ಬಂದೆ.

ನಿಶ್ಚಿತಾರ್ಥ ದಾವಣಗೆರೆಯಲ್ಲಿ. ತಾಂಬೂಲ ಆದಮೇಲೆ ಎಲ್ಲರ ಮುಂದೆ ಡಬ್ಬಿ ತೆಗೆದು ಕೊಟ್ಟೆ. ನಾಲ್ಕು ಮಾತೂ ಆಡಿದೆ, ವಿಕ್ಟೋರಿಯಾ, ಬರ್ಮಿಂಗ್‌ಹ್ಯಾಮ್, ಬರ್ಮಾ, ಎಲ್ಲ. ಡಬ್ಬಿ ಕೈಯಿಂದ ಕೈಗೆ ಹೋಗಿ ಹುಡುಗನ ಚಿಕ್ಕಪ್ಪನ ಹತ್ತಿರ ನಿಂತಿತು. ಅವರದು ಅಲ್ಲೇ ಚಿನ್ನದ ಅಂಗಡಿ, ಚಿಕ್ಕದು. ಒಂದನ್ನು ಎಡಗೈಯಲ್ಲಿ, ಒಂದನ್ನು ಬಲಗೈಯಲ್ಲಿ ಇಟ್ಟುಕೊಂಡು ಎರಡೂ ಅಂಗೈಯನ್ನು ತಕ್ಕಡಿ ಥರ ಸ್ವಲ್ಪ ಮೇಲೆ ಕೆಳಗೆ ಮಾಡಿದರು. ಹೆಬ್ಬೆರಳಿನಿಂದ ಬಳ್ಳಿಯ ಕೆತ್ತನೆ ಸವರಿದರು. "ಚೆಂದ ಅದಾವು" ಅಂದು ಡಬ್ಬಿ ಮುಚ್ಚಿದರು. ಅಷ್ಟೇ. ಅವರು ನನ್ನ ಮುಖ ನೋಡಲಿಲ್ಲ. ನನಗೆ ಹೊಟ್ಟೆಯಲ್ಲಿ ಏನೋ ಕಸಿವಿಸಿ.

ಊಟ ಆಗಿ ಕೈ ತೊಳೆಯೋ ಜಾಗದಲ್ಲಿ ಪಕ್ಕಕ್ಕೆ ಕರೆದರು. "ತಪ್ಪು ತಿಳಿಬ್ಯಾಡ್ರಿ. ಎಷ್ಟು ಕೊಟ್ರಿ?"

ಹೇಳಿದೆ.

"ಬಿಲ್ ಐತಾ? ಅದ್ರಾಗ ಏನಂತ ಬರ್ದಾರ?"

ಹೇಳಿದೆ. ಅವರು ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತಾ ಸುಮ್ಮನಿದ್ದರು. ಆ ಸುಮ್ಮನಿದ್ದದ್ದೇ ಸಾಕಾಗಿತ್ತು.

ಸಂಜೆ ಅವರ ಅಂಗಡಿಯಲ್ಲಿ ಶಟರ್ ಅರ್ಧ ಎಳೆದು ಕೂತೆವು. ತೂಕ ಹಾಕಿದರು. ಒಂದು 4.8 ಗ್ರಾಂ, ಇನ್ನೊಂದು 3.7. ಜೊತೆ ಅಂತೆ ಜೊತೆ! ಹಗುರದ್ದು ಬೆಳ್ಳಿ, ಮೇಲೆ ಚಿನ್ನದ ಗಿಲೀಟು. ಮೊದಲನೆಯದನ್ನೇ ಅಚ್ಚು ತೆಗೆದು ಎರಕ ಹೊಯ್ದಿದ್ದಾರೆ. ಹಾಗೆ ಮಾಡಿದಾಗ ಲೋಹ ಆರುವಾಗ ಕುಗ್ಗುತ್ತದೆ, ಅದಕ್ಕೇ ಇದು ಕೂದಲೆಳೆಯಷ್ಟು ಚಿಕ್ಕದು. ಠಸ್ಸೆಯನ್ನೂ ಅಚ್ಚಿನಲ್ಲೇ ಎತ್ತಿದ್ದಾರೆ. ಅಸಲಿನಲ್ಲಿ ಲಂಗರಿನ ಕೊಕ್ಕೆ ಚೂಪಾಗಿ ಕಾಣುತ್ತದೆ, ನಕಲಿನಲ್ಲಿ ಸೋಪು ಸವೆದ ಹಾಗೆ ಗುಂಡಗೆ. ಎರಡನ್ನೂ ಒಟ್ಟಿಗೆ ನೋಡಿದ್ದರೆ ನನ್ನಂಥ ಕುರುಡನಿಗೂ ಕಾಣುತ್ತಿತ್ತು. ಅದಕ್ಕೇ ಒಂದನ್ನೇ ಕೈಗೆ ಕೊಟ್ಟಿದ್ದು.

ಆಮೇಲೆ ಹರಳು. ಭೂತಗನ್ನಡಿಯಲ್ಲಿ ಪಕ್ಕದಿಂದ ನೋಡಿ ಅಂದರು. ಒಳಗೆ ಸಣ್ಣ ಸಣ್ಣ ಗುಳ್ಳೆ, ಅದರ ಹಿಂದೆ ಬಾಗಿದ ಗೆರೆಗಳು, ಕುಂಬಾರ ತಿಗುರಿ ಮೇಲೆ ಬೆರಳಿಟ್ಟು ಎಳೆದ ಹಾಗೆ. ಭೂಮಿಯಲ್ಲಿ ಬೆಳೆದ ಕೆಂಪಿನಲ್ಲಿ ಗೆರೆ ಇದ್ದರೆ ನೇರ ಇರುತ್ತದೆ, ಮೂಲೆ ಮೂಲೆಯಾಗಿ ಇರುತ್ತದೆ, ಹೀಗೆ ಬಾಗಿರುವುದಿಲ್ಲ. ಇದು ಪುಡಿಯನ್ನು ಬೆಂಕಿಯಲ್ಲಿ ಕರಗಿಸಿ ತೊಟ್ಟು ತೊಟ್ಟಾಗಿ ಬೆಳೆಸಿದ ಹರಳು. ಫ್ರಾನ್ಸಿನ ವೆರ್ನೂಯ್ ಅನ್ನುವವರು ಈ ವಿಧಾನವನ್ನು ಜಗತ್ತಿಗೆ ತಿಳಿಸಿದ್ದು 1902ರಲ್ಲಿ. ವಿಕ್ಟೋರಿಯಾ ರಾಣಿ ತೀರಿಕೊಂಡಿದ್ದು 1901ರಲ್ಲಿ!

ಹಾಗಾದರೆ ಗಾಜು ಗೀರಿದ್ದು? ಯುವಿಯಲ್ಲಿ ಉರಿದಿದ್ದು? ಅವೂ ಮೋಸವಲ್ಲ, ಅದೇ ಹೊಟ್ಟೆ ಉರಿಸೋದು. ಬೆಂಕಿಯಲ್ಲಿ ಬೆಳೆಸಿದರೂ ವಸ್ತು ಅದೇ, ಗಡಸುತನವೂ ಅದೇ, ಹತ್ತರ ಅಳತೆಯಲ್ಲಿ 9, ಗಾಜು ಗೀರೇ ಗೀರುತ್ತದೆ. ಕಬ್ಬಿಣದ ಅಂಶ ಕಡಿಮೆ ಇರುವುದರಿಂದ ಬರ್ಮಾ ಕೆಂಪು ಯುವಿಯಲ್ಲಿ ಹೊಳೆಯುತ್ತದೆ, ಕಬ್ಬಿಣವೇ ಇಲ್ಲದ ಈ ತಯಾರಿಸಿದ ಕೆಂಪು ಅದಕ್ಕಿಂತ ಜಾಸ್ತಿ ಹೊಳೆಯುತ್ತದೆ. ಅಷ್ಟು ಚೆನ್ನಾಗಿ ಉರಿದಾಗಲೇ ಅನುಮಾನ ಬರಬೇಕಿತ್ತಂತೆ.

ಆ ರಾತ್ರಿ ನಿದ್ದೆ ಬರಲಿಲ್ಲ, ಕೂತು ಬ್ರಿಟಿಷ್ ಠಸ್ಸೆಗಳ ಬಗ್ಗೆ ಓದಿದೆ. ಕೊಳ್ಳೋಕೆ ಮುಂಚೆ ಓದಬೇಕಿತ್ತು, ಗೊತ್ತು, ಬೈಯಬೇಡಿ. ಕಿರೀಟ ಅಂದನಲ್ಲ, ವಿಕ್ಟೋರಿಯಾ ಕಿರೀಟ? ಹಿಂದೆ ಇಂಗ್ಲೆಂಡಿನಲ್ಲಿ ಕಿರೀಟ ಒತ್ತುತ್ತಿದ್ದದ್ದು 22 ಮತ್ತು 18 ಕ್ಯಾರೆಟ್ ಚಿನ್ನಕ್ಕೆ. ಒಂಬತ್ತು ಕ್ಯಾರೆಟ್‌ಗೆ 9 ಅನ್ನೋ ಅಂಕಿ, ಜೊತೆಗೆ .375. ಕಿರೀಟ ಇಲ್ಲ. ಒಂಬತ್ತು ಕ್ಯಾರೆಟ್‌ಗೂ ಕಿರೀಟ ಒತ್ತಿ ಪಕ್ಕದಲ್ಲಿ ಬರೀ 375 ಅಂತ ಹಾಕೋಕೆ ಶುರು ಮಾಡಿದ್ದು 1975ರಲ್ಲಿ. ಅಂದರೆ ನನ್ನ ಮೈ ಜುಮ್ಮೆನಿಸಿದ ಆ ಕಿರೀಟವೇ ಹೇಳುತ್ತಿತ್ತು, ನಾನು ರಾಜಕುಮಾರ್ ಸಿನಿಮಾ ಕಾಲದ್ದಪ್ಪಾ, ರಾಣಿ ಕಾಲದ್ದಲ್ಲ ಅಂತ. ತಿರುಗುವ ಕಡ್ಡಿಯೂ ಅಷ್ಟೇ. ಹಳೆಯ ಕಾಲದವು ಸಾಮಾನ್ಯವಾಗಿ ಎರಡು ಮುಖ ಇದ್ದು ಮಧ್ಯೆ ಚಿಕ್ಕ ಸರಪಳಿ ಇರುವಂಥವು.

ಇನ್ನು ಮಾರಿದವನ ಉತ್ತರಗಳು. ಮೊದಲ ಮೆಸೇಜಿಗೆ ಎರಡು ದಿನ ನೀಲಿ ಟಿಕ್ ಮಾತ್ರ. ಆಮೇಲೆ "ಸರ್, ಹಳೇ ವಸ್ತು ಅಂದಮೇಲೆ ತೂಕದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತೆ." ಒಂದು ಗ್ರಾಂ ಮೇಲೆ! ಒಂದು ಚಿನ್ನ, ಒಂದು ಬೆಳ್ಳಿ! "ಒಂದು ಕಳೆದುಹೋಗಿರಬಹುದು, ಮನೆತನದವರೇ ಮಾಡಿಸಿರಬಹುದು." ಹರಳು? "ರೂಬಿ ಅಂದೆ, ರೂಬಿನೇ ಅದು. ನ್ಯಾಚುರಲ್ ಅಂತ ಬಿಲ್‌ನಲ್ಲಿ ಎಲ್ಲಿದೆ ತೋರಿಸಿ." 1975ರ ಗುರುತು? "ಆಂಟಿಕ್ ಅಂದ್ರೆ ಹಳೇದು ಅಂತ ಸರ್. ಐವತ್ತು ವರ್ಷ ಹಳೇದಲ್ವಾ?" ಐವತ್ತು ವರ್ಷದ್ದನ್ನು ವಿಂಟೇಜ್ ಅಂತಾರೆ, ಆಂಟಿಕ್ ಅಂದರೆ ನೂರು ದಾಟಿರಬೇಕು. ಇದನ್ನು ನನಗೆ ಹೇಳಿಕೊಟ್ಟಿದ್ದೇ ಅವನು, ಮೊದಲ ದಿನ, ಕಾಫಿ ಕುಡಿಸುತ್ತಾ.

ಲ್ಯಾಬ್‌ಗೆ ಕೊಟ್ಟು ರಿಪೋರ್ಟ್ ತಗೊಂಡೆ, ಎರಡೂ ಹರಳು ಸಿಂಥೆಟಿಕ್, ಅಂದರೆ ತಯಾರಿಸಿದ್ದು, ಅಂತ ಬಂತು. ತಗೊಂಡು ನೇರ ಅಂಗಡಿಗೇ ಹೋದೆ. ಈ ಸಲ ಕಾಫಿ ಇಲ್ಲ. ರಿಪೋರ್ಟ್ ಓದಲೂ ಇಲ್ಲ. "ನಿಮ್ಮ ಸಮಾಧಾನಕ್ಕೆ ಒಂದು ಕೆಲಸ ಮಾಡೋಣ, ವಾಪಸ್ ಕೊಡಿ, ಇಪ್ಪತ್ತು ಸಾವಿರದ ಬೇರೆ ಏನಾದ್ರೂ ತಗೊಳ್ಳಿ." ದುಡ್ಡು ಕೊಡಿ ಅಂದೆ. "ದುಡ್ಡು ವಾಪಸ್ ಕೊಡೋ ಪದ್ಧತಿ ಇಲ್ಲ." ನನ್ನ ದನಿ ಏರಿತು, ಅವನು ಮಾತ್ರ ನಗುತ್ತಲೇ, "ಸರ್, ಅಷ್ಟೆಲ್ಲಾ ಪರೀಕ್ಷೆ ನಿಮ್ಮ ಕಣ್ಣ ಮುಂದೇನೇ ಮಾಡಿ ತೋರಿಸಿದೆ, ಒಂದಾದ್ರೂ ಸುಳ್ಳಾ?" ಅಂದ. ಸುಳ್ಳಲ್ಲ. ಒಂದೂ ಸುಳ್ಳಲ್ಲ. ನಾನು ಮೆಟ್ಟಿಲು ಇಳಿದು ಬಂದೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹಾಕಿದ್ದೇನೆ. ಬಿಲ್‌ನಲ್ಲಿ ಏನೂ ಇಲ್ಲದ್ದರಿಂದ ಕಷ್ಟ ಅಂತ ವಕೀಲ ಸ್ನೇಹಿತ ಹೇಳಿದ. ಆದರೂ ಇನ್‌ಸ್ಟಾಗ್ರಾಮ್ ಪೋಸ್ಟಿನಲ್ಲಿ "ವಿಕ್ಟೋರಿಯನ್" ಅಂತ ಇದ್ದದ್ದರ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ. ಈಗ ಆ ಪೋಸ್ಟ್ ಇಲ್ಲ, ಅಳಿಸಿದ್ದಾರೆ.

ನಿಮಗೆ ಹೇಳೋದು ಇಷ್ಟೇ. ಎರಡನ್ನೂ ಕೈಗೆ ತಗೊಳ್ಳಿ, ಎರಡನ್ನೂ ತೂಗಿಸಿ, ಎರಡರ ಠಸ್ಸೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಲ, ಕ್ಯಾರೆಟ್, ಹರಳು ನ್ಯಾಚುರಲ್ಲೋ ಸಿಂಥೆಟಿಕ್ಕೋ, ಮೂರನ್ನೂ ಬಿಲ್‌ನಲ್ಲಿ ಬರೆಯಲ್ಲ ಅಂದರೆ ಎದ್ದು ಬನ್ನಿ. ಲ್ಯಾಬ್ ರಿಪೋರ್ಟ್ ಆದಮೇಲೆ ಉಳಿದ ದುಡ್ಡು. ನನ್ನ ಕೇಳಿದರೆ ಹಳೇದರ ಸಹವಾಸವೇ ಬೇಡ, ಗೊತ್ತಿರೋ ಪತ್ತಾರರ ಹತ್ತಿರ ಹಾಲ್‌ಮಾರ್ಕ್ ಇರುವಂಥ ಹೊಸದು ಮಾಡಿಸಿ. ಸಿಟ್ಟಲ್ಲಿ ಹೇಳುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ. ಆರೂವರೆ ಸಾವಿರದ ಆ ಜೈಪುರದ ಜೊತೆ ಈಗಲೂ ಕಣ್ಣ ಮುಂದೆ ಬರುತ್ತದೆ.

ಭಾವ ಮಾತ್ರ ರಿಸೆಪ್ಷನ್‌ಗೆ ಅದನ್ನೇ ಹಾಕ್ತೀನಿ ಅಂತ ಹಟ ಹಿಡಿದಿದ್ದಾರೆ, ದೂರಕ್ಕೆ ಯಾರಿಗೆ ಗೊತ್ತಾಗುತ್ತೆ ಅಂತ. ನನಗೆ ಗೊತ್ತಾಗುತ್ತಲ್ಲ, ಅವರ ಚಿಕ್ಕಪ್ಪನಿಗೆ ಗೊತ್ತಾಗುತ್ತಲ್ಲ.

ನಿನ್ನೆ ರಾತ್ರಿ ಅದೇ ಪುಟದಲ್ಲಿ ಹೊಸ ಫೋಟೊ ಬಂದಿದೆ. ನೀಲದ ಕಫ್‌ಲಿಂಕ್, ವಿಕ್ಟೋರಿಯನ್, "ಕಿರೀಟದ ಗುರುತು ಸಹಿತ", ಎಂಬತ್ತೆರಡು ಸಾವಿರ. ಫೋಟೊದಲ್ಲಿ ಒಂದು ನೆಟ್ಟಗೆ ನಿಂತಿದೆ, ಇನ್ನೊಂದು ಸ್ವಲ್ಪ ಹಿಂದೆ, ಮಸುಕಾಗಿ.